ಹಸಿರು ತ್ರಿಕೋನ ಹೇಳದ ಮಾತು: ಅಡಿಕೆ ತೋಟದ ಔಷಧಿ ಮತ್ತು ಅದನ್ನು ಹೊಡೆಯುವವರ ಮೈ

ತೋಟಕ್ಕೆ ತರುವ ಯಾವ ಔಷಧಿ ಡಬ್ಬಿಯನ್ನಾದರೂ ತಿರುಗಿಸಿ ನೋಡಿ. ಮೂಲೆ ಮೇಲೆ ಮಾಡಿ ನಿಲ್ಲಿಸಿದ ಒಂದು ಚೌಕ ಕಾಣುತ್ತದೆ. ಅದರ ಕೆಳಗಿನ ಅರ್ಧ ತ್ರಿಕೋನಕ್ಕೆ ಒಂದು ಬಣ್ಣ ಇರುತ್ತದೆ. ಕೆಂಪು ಅಂದ್ರೆ ಘೋರ ವಿಷ. ಆಮೇಲೆ ಹಳದಿ, ನೀಲಿ. ಹಸಿರು ಅಂದ್ರೆ ಎಲ್ಲಕ್ಕಿಂತ ಕಡಿಮೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ಎಲೆಚುಕ್ಕೆ ರೋಗಕ್ಕೆ ಹೊಡೆಯುತ್ತಿರುವ ಮ್ಯಾಂಕೋಜೆಬ್ ಹಸಿರು ಗುರುತಿನದು. ಪ್ರೊಪಿಕೊನಜೋಲ್ ನೀಲಿ ಗುರುತಿನದು. ಹಾಗಾಗಿ "ಹಸಿರು ಬಣ್ಣದ್ದು, ಏನೂ ಆಗಲ್ಲ ಬಿಡಿ" ಅನ್ನುವ ಧೈರ್ಯ ಗೊಬ್ಬರದಂಗಡಿಯಿಂದ ಹಿಡಿದು ತೋಟದ ತನಕ ಎಲ್ಲರಿಗೂ ಇದೆ.

ಆ ಧೈರ್ಯ ಅರ್ಧ ಸರಿ. ಉಳಿದರ್ಧದ ಬಗ್ಗೆ ನಮ್ಮಲ್ಲಿ ಮಾತೇ ಆಗುತ್ತಿಲ್ಲ. ಮಲೆನಾಡಿನ ತೋಟಗಳಲ್ಲಿ ಕೆಲವೇ ವರ್ಷಗಳಲ್ಲಿ ಔಷಧಿ ಹೊಡೆಯುವುದು ಬಹಳ ಜಾಸ್ತಿಯಾಗಿದೆ. ಅದನ್ನು ಹೊಡೆಯುವವರ ಮೈಯಲ್ಲಿ ಏನಾಗುತ್ತಿದೆ ಅಂತ ಮಾತ್ರ ಊರಲ್ಲಿ ಯಾರೂ ಬರೆದಿಡುತ್ತಿಲ್ಲ. ತ್ರಿಕೋನದ ಬಣ್ಣ ಆ ಕೆಲಸ ಮಾಡುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಮಾಡುವುದಿಲ್ಲ.

ಬಣ್ಣ ಅಳೆಯುವುದು ಏನನ್ನು?

ಇಲಿಗಳ ಒಂದು ಗುಂಪಿಗೆ ಒಂದು ವಸ್ತುವನ್ನು ಒಂದೇ ಸಲ ತಿನ್ನಿಸುತ್ತಾರೆ. ಗುಂಪಿನ ಅರ್ಧದಷ್ಟು ಇಲಿಗಳು ಸಾಯಲು ಎಷ್ಟು ಬೇಕಾಯಿತು ಅಂತ ನೋಡುತ್ತಾರೆ. ಇಲಿಯ ಪ್ರತಿ ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಅಂತ ಒಂದು ಅಂಕಿ ಸಿಗುತ್ತದೆ. ಅದಕ್ಕೆ ಎಲ್‌ಡಿ 50 ಅನ್ನುತ್ತಾರೆ. ನಮ್ಮ ದೇಶದ ನಿಯಮದ ಪ್ರಕಾರ ಈ ಅಂಕಿ 50ರ ಒಳಗಿದ್ದರೆ ಕೆಂಪು, 51ರಿಂದ 500 ಇದ್ದರೆ ಹಳದಿ, 501ರಿಂದ 5000 ಇದ್ದರೆ ನೀಲಿ. 5000 ದಾಟಿದರೆ ಹಸಿರು. ಹಸಿರು ಗುರುತಿನದು ಒಂದೇ ಸಲಕ್ಕೆ ಆಳನ್ನು ಬೀಳಿಸುವ ಸಂಭವ ಬಹಳ ಕಡಿಮೆ. ಈ ಮಟ್ಟಿಗೆ ಬಣ್ಣದ ಮಾತು ನಂಬಬಹುದು.

ಆದರೆ ಪ್ರಶ್ನೆ ನೋಡಿ. ಒಂದೇ ಸಲ ತಿಂದರೆ ಸಾಯುತ್ತಾರಾ? ಇಷ್ಟನ್ನೇ ಆ ಬಣ್ಣ ಹೇಳುವುದು. ವರ್ಷಕ್ಕೆ ಮೂರ್ನಾಲ್ಕು ಸುತ್ತು, ಹತ್ತಾರು ಜನರ ತೋಟದಲ್ಲಿ, ಹದಿನೈದು ಇಪ್ಪತ್ತು ವರ್ಷ ಅದೇ ಔಷಧಿಯನ್ನು ಹೊಡೆದವನ ಥೈರಾಯ್ಡ್ ಏನಾಗುತ್ತದೆ, ಅವನ ಮನೆಯಲ್ಲಿ ಬಸುರಿಯಿದ್ದರೆ ಹೊಟ್ಟೆಯ ಕೂಸಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಗಳು ಆ ಬಣ್ಣದೊಳಗೆ ಇಲ್ಲ. ಅವಕ್ಕೆ ಬೇರೆ ಪರೀಕ್ಷೆಗಳಿವೆ. ನೋಂದಣಿ ಹೊತ್ತಿನಲ್ಲಿ ಕಂಪನಿಗಳು ಅವನ್ನೂ ಸಲ್ಲಿಸಬೇಕು. ಆದರೆ ಅದರ ಫಲಿತಾಂಶ ಡಬ್ಬಿಯ ಬಣ್ಣವಾಗಿ ರೈತನ ಕಣ್ಣಿಗೆ ಬೀಳುವುದಿಲ್ಲ.

ವಿಷದ ವಿಜ್ಞಾನ ಹೀಗೆ ದಿಢೀರ್ ಸಾವಿನ ಕಡೆಗೇ ವಾಲಿರುವುದಕ್ಕೆ ಅದರ ಚರಿತ್ರೆಯೂ ಕಾರಣ. 16ನೇ ಶತಮಾನದ ವೈದ್ಯ ಪ್ಯಾರಸೆಲ್ಸಸ್ ಹೇಳಿದ ಮಾತು ಪ್ರಸಿದ್ಧ. ಎಲ್ಲ ವಸ್ತುವೂ ವಿಷವೇ, ಪ್ರಮಾಣ ಒಂದೇ ವ್ಯತ್ಯಾಸ ಮಾಡುವುದು ಅಂತ. 1814ರಲ್ಲಿ ಪ್ಯಾರಿಸ್‌ನಲ್ಲಿದ್ದ ಮ್ಯಾಥ್ಯೂ ಓರ್ಫಿಲಾ ವಿಷಗಳ ಬಗ್ಗೆ ದೊಡ್ಡ ಗ್ರಂಥ ಬರೆದು ಈ ಶಾಸ್ತ್ರಕ್ಕೆ ಬುನಾದಿ ಹಾಕಿದ. ಆ ಕಾಲದಲ್ಲಿ ಅದರ ಮುಖ್ಯ ಉಪಯೋಗ ಕೋರ್ಟಿನಲ್ಲಿತ್ತು. ಪಾಷಾಣ ಹಾಕಿ ಕೊಂದವರನ್ನು ಹಿಡಿಯಬೇಕಿತ್ತು. ಸತ್ತವನ ಹೊಟ್ಟೆಯಲ್ಲಿ ವಿಷ ಇತ್ತೋ ಇಲ್ಲವೋ ಅನ್ನುವುದೇ ಪ್ರಶ್ನೆ. ಎಲ್‌ಡಿ 50 ಅನ್ನುವ ಅಳತೆಯನ್ನು 1927ರಲ್ಲಿ ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ ತಂದದ್ದು ಔಷಧಿಗಳ ಸತ್ವ ಒಂದೇ ಸಮ ಇದೆಯೇ ಅಂತ ನೋಡುವುದಕ್ಕೆ. ತೋಟದಲ್ಲಿ ದುಡಿಯುವವರು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ.

ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು ಅಗದತಂತ್ರ, ಅಂದರೆ ವಿಷಚಿಕಿತ್ಸೆ. ಮೈಯಲ್ಲೇ ಉಳಿದು, ತಕ್ಷಣ ಕೊಲ್ಲದೆ, ವರ್ಷಗಟ್ಟಲೆ ಕಾಡುವ ದೂಷೀವಿಷದ ಬಗ್ಗೆ ಸುಶ್ರುತ ಸಂಹಿತೆಯಲ್ಲೇ ವಿವರ ಇದೆ. ಇವತ್ತಿನ ರಸಾಯನಗಳಿಗೆ ಅದರಲ್ಲಿ ಮದ್ದು ಹುಡುಕಬೇಕು ಅಂತ ನಾನು ಹೇಳುತ್ತಿಲ್ಲ. ನಿಧಾನವಾಗಿ ಕಾಡುವ ವಿಷ ಬೇರೆಯೇ ಒಂದು ಬಗೆ, ಅದನ್ನು ಬೇರೆ ರೀತಿಯಲ್ಲಿ ನೋಡಬೇಕು ಅನ್ನುವ ತಿಳಿವಳಿಕೆ ಹಳೆಯದು. ಅಷ್ಟೇ.

ಎಲೆಚುಕ್ಕೆ ಬಂದ ಮೇಲೆ

ಮೊದಲು ಅಡಿಕೆ ತೋಟಕ್ಕೆ ಔಷಧಿ ಹೊಡೆಯುವುದು ಅಂದರೆ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ಮಧ್ಯೆ ಬಿಸಿಲು ಬಿಟ್ಟಾಗ ಇನ್ನೊಂದು ಸಲ. ಅಷ್ಟರಲ್ಲಿ ವರ್ಷ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ಹೊಸನಗರದ ನಗರ ಹೋಬಳಿ, ಆಗುಂಬೆ ಸೀಮೆ, ಶೃಂಗೇರಿ, ಕಳಸ ಅಂತ ತೋಟದಿಂದ ತೋಟಕ್ಕೆ ಹರಡಿತು. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಇದಕ್ಕೆ ಮುಖ್ಯ ಕಾರಣ. ಸೋಗೆಯ ಮೇಲೆ ಚುಕ್ಕೆ ಬಿದ್ದು, ಒಂದಕ್ಕೊಂದು ಸೇರಿ, ಕೊನೆಗೆ ಸೋಗೆಯೇ ಸುಟ್ಟ ಹಾಗೆ ಒಣಗುತ್ತದೆ. ಇದಕ್ಕೆ ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್, ಟೆಬುಕೊನಜೋಲ್, ಮ್ಯಾಂಕೋಜೆಬ್ ಇಂಥವನ್ನು ಒಂದಾದ ಮೇಲೊಂದು ಹೊಡೆಯಬೇಕಾಗಿ ಬಂತು. ಹೊಡೆಯದಿದ್ದರೆ ತೋಟ ಹೋಗುತ್ತದೆ. ಈ ಸಂಕಟ ಸಣ್ಣದಲ್ಲ. ಔಷಧಿ ಹೊಡೆದದ್ದಕ್ಕೆ ಬೆಳೆಗಾರರನ್ನು ಬೈಯುವುದು ನನ್ನ ಉದ್ದೇಶವೂ ಅಲ್ಲ.

ಕೊಳೆರೋಗ ಬರುವುದು ಕಾಯಿಗೆ. ಹಾಗಾಗಿ ಔಷಧಿ ಅಡಿಕೆ ಗೊನೆಗೆ ಬಿದ್ದರೆ ಸಾಕಿತ್ತು. ಎಲೆಚುಕ್ಕೆಗೆ ಮರದ ತಲೆಯೆಲ್ಲ ತೋಯಬೇಕು. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದ್ದರಿಂದ ಮರ ಹತ್ತುವ ಅಪಾಯ ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ದೋಟಿ ಹಿಡಿದವನು ನಿಂತಿರುವುದು ಮರದ ಬುಡದಲ್ಲಿ, ಮುಖ ಮೇಲೆತ್ತಿಕೊಂಡು. ಐವತ್ತು ಅಡಿ ಮೇಲಿಂದ ಹೊಗೆಯಂತೆ ಇಳಿಯುವ ಹನಿ ಬೀಳುವುದು ಅವನ ಹಣೆ, ಕಣ್ಣು, ಕುತ್ತಿಗೆ ಮೇಲೆ. ಮೂಗಿಗೆ ಸುತ್ತಿದ ಟವೆಲ್ ಹತ್ತು ನಿಮಿಷದಲ್ಲಿ ಒದ್ದೆ. ಆ ಒದ್ದೆ ಟವೆಲ್ ಔಷಧಿಯನ್ನು ತಡೆಯುವುದಿಲ್ಲ. ಬಾಯಿ ಮೂಗಿನ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತದೆ. ಜೂನ್ ತಿಂಗಳ ಸೆಕೆಯಲ್ಲಿ ರೈನ್‌ಕೋಟ್ ಹಾಕು ಅಂದರೆ ಯಾರೂ ಒಪ್ಪುವುದಿಲ್ಲ. ಹಾಕಿಕೊಂಡು ಅರ್ಧ ಗಂಟೆ ಕೆಲಸ ಮಾಡಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಹಸಿರು ತ್ರಿಕೋನದ ಮ್ಯಾಂಕೋಜೆಬ್‌ಗೆ ಬರೋಣ. ಅದು ಮೈಯೊಳಗೆ ಹೋದ ಮೇಲೆ ಒಡೆದು ಇಟಿಯು ಎಂಬ ವಸ್ತುವಾಗುತ್ತದೆ. ಬಿಸಿಯಲ್ಲೂ, ತುಂಬಾ ದಿನ ಇಟ್ಟ ದ್ರಾವಣದಲ್ಲೂ ಹಾಗೇ ಆಗುತ್ತದೆ. ಈ ಇಟಿಯು ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸುವುದಕ್ಕೇ ಅಡ್ಡ ಬರುತ್ತದೆ. ಮೆಕ್ಸಿಕೊದಲ್ಲಿ 1990ರ ದಶಕದಲ್ಲಿ, ಬೆನ್ನಿಗೆ ಪಂಪ್ ಹೊತ್ತು ಟೊಮೆಟೊಗೆ ಇದೇ ಗುಂಪಿನ ಶಿಲೀಂಧ್ರನಾಶಕ ಹೊಡೆಯುವವರ ರಕ್ತ ಮೂತ್ರ ಪರೀಕ್ಷೆ ಮಾಡಿದ್ದರು. ಮೂತ್ರದಲ್ಲಿ ಇಟಿಯು ಸಿಕ್ಕಿತು. ಔಷಧಿ ಮುಟ್ಟದವರಿಗಿಂತ ಇವರ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಜಾಸ್ತಿ ಇತ್ತು. ಥೈರಾಯ್ಡ್ ಸೋಲುತ್ತಿದೆ ಅನ್ನುವುದಕ್ಕೆ ದೇಹ ಕೊಡುವ ಮೊದಲ ಸೂಚನೆ ಅದು. ಅವರು ಯಾರೂ ಕಾಯಿಲೆ ಬಿದ್ದು ಆಸ್ಪತ್ರೆಗೆ ಬಂದವರಲ್ಲ. ಎಂದಿನಂತೆ ಕೆಲಸ ಮಾಡಿಕೊಂಡು ಓಡಾಡುತ್ತಿದ್ದವರು.

ಯುರೋಪಿನಲ್ಲಿ ಪ್ರೊಪಿಕೊನಜೋಲ್‌ಗೆ 2018ರಲ್ಲಿ, ಮ್ಯಾಂಕೋಜೆಬ್‌ಗೆ 2020ರಲ್ಲಿ ಅನುಮತಿ ಮುಂದುವರಿಸಲಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮೇಲೆ, ಸಂತಾನಶಕ್ತಿಯ ಮೇಲೆ ಪರಿಣಾಮ ಆಗಬಹುದು ಅನ್ನುವ ಆತಂಕ ಎರಡರಲ್ಲೂ ಇತ್ತು. ಅಲ್ಲಿನ ಹವೆ ಬೇರೆ, ಬೆಳೆ ಬೇರೆ, ಅವರು ಬಿಟ್ಟರು ಅಂತ ನಾವೂ ನಾಳೆಯೇ ಬಿಡಬೇಕು ಅಂತಲ್ಲ. ಆದರೆ ಹಸಿರು, ನೀಲಿ ಬಣ್ಣ ನೋಡಿ ನೆಮ್ಮದಿಯಾಗಿರುವವರಿಗೆ ಈ ವಿಷಯವೂ ಗೊತ್ತಿರಬೇಕು, ಅಲ್ವಾ?

ವಿಷ ಒಳಗೆ ಹೋಗುವ ದಾರಿ

ಬಾಯಿಗೆ ಹೋಗದಿದ್ದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ತೋಟದ ಕೆಲಸದಲ್ಲಿ ಜಾಸ್ತಿ ಒಳಗೆ ಹೋಗುವುದು ಚರ್ಮದಿಂದ. ಚರ್ಮವೂ ಎಲ್ಲ ಕಡೆ ಒಂದೇ ಥರ ಇಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಅತಿ ಸಣ್ಣ ಪ್ರಮಾಣದಲ್ಲಿ ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ ಅಮೆರಿಕದಲ್ಲಿ ನೋಡಿದ್ದರು. ಮುಂಗೈ ಮೇಲೆ ಹಚ್ಚಿದ್ದರಲ್ಲಿ ಶೇ. 9ರಷ್ಟು ಮಾತ್ರ ಒಳಗೆ ಹೋಯಿತು. ಹಣೆಯಲ್ಲಿ ಶೇ. 36, ಕಂಕುಳಲ್ಲಿ ಶೇ. 64. ತೊಡೆಸಂದಿಯ ಮೆತ್ತನೆ ಚರ್ಮದಲ್ಲಿ, ಅಂದರೆ ವೃಷಣದ ಚೀಲದ ಮೇಲೆ, ಹಚ್ಚಿದ್ದು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಯಿತು.

ಈ ಅಂಕಿಗಳನ್ನು ಇಟ್ಟುಕೊಂಡು ತೋಟದ ಕಡೆ ನೋಡಿ. ಬೆನ್ನಿನ ಪಂಪ್ ಸೋರಿದರೆ ನೀರು ಇಳಿಯುವುದು ಸೊಂಟಕ್ಕೆ, ಅಲ್ಲಿಂದ ಚಡ್ಡಿಗೆ. ಹೊಡೆಯುವವನು ಕೈ ತೊಳೆದಿರುತ್ತಾನೆ, ಗ್ಲೌಸ್ ಕೂಡ ಹಾಕಿರಬಹುದು. ಒದ್ದೆ ಚಡ್ಡಿಯಲ್ಲೇ ಸಂಜೆ ತನಕ ಇರುತ್ತಾನೆ. ಮುಖ ಮೇಲೆತ್ತಿ ನಿಂತವನ ಹಣೆಯ ಲೆಕ್ಕವೂ ಹಾಗೇ. ಸುರಕ್ಷತೆಯ ಹೆಸರಲ್ಲಿ ಒಂದೆರಡೇ ಕೆಲಸ ಮಾಡಿಸಲು ಸಾಧ್ಯ ಅಂತಾದರೆ ನಾನು ಕೇಳುವುದು ಇವನ್ನು: ಸೋರುವ ಪಂಪ್ ರಿಪೇರಿ ಮಾಡಿಸಿ. ಮಧ್ಯಾಹ್ನ ಊಟಕ್ಕೆ ಮೊದಲು ಸೋಪು ಹಚ್ಚಿ ತೊಳೆದು ಬಟ್ಟೆ ಬದಲಿಸಲು ಜಾಗ ಕೊಡಿ. ಆ ಬಟ್ಟೆಯನ್ನು ಮನೆಯ ಹೆಂಗಸರು ಬರಿಗೈಯಲ್ಲಿ, ಮಕ್ಕಳ ಬಟ್ಟೆ ಜೊತೆ ಒಗೆಯುವುದನ್ನೂ ನಿಲ್ಲಿಸಬೇಕು. ಹೊಡೆದವನ ಮೈಗೆ ಬಿದ್ದದ್ದರ ಒಂದು ಪಾಲು ಹೀಗೆ ಮನೆ ಸೇರುತ್ತದೆ.

ಇನ್ನೊಂದು ಗುಂಪಿದೆ, ಆರ್ಗನೋಫಾಸ್ಫೇಟ್. ಅಡಿಕೆಯ ಬೇರುಹುಳಕ್ಕೆ ಬುಡಕ್ಕೆ ಹುಯ್ಯುವ ಕ್ಲೋರ್‌ಪೈರಿಫಾಸ್ ಈ ಗುಂಪಿನದು. ಬಾಳೆ ಬುಡಕ್ಕೆ ಹರಳಾಗಿ ಹಾಕುತ್ತಿದ್ದ ಫೋರೇಟ್ ಕೂಡ ಇದೇ. ಫೋರೇಟ್ 2020ರ ಕೊನೆಗೆ ನಿಷೇಧವಾಯಿತು. ಚಾಮರಾಜನಗರ ಜಿಲ್ಲೆಯ ಸುಳವಾಡಿಯಲ್ಲಿ 2018ರ ಡಿಸೆಂಬರ್‌ನಲ್ಲಿ ಪ್ರಸಾದಕ್ಕೆ ಬೆರೆಸಿ 17 ಜನರ ಜೀವ ತೆಗೆದ ಮೋನೋಕ್ರೋಟೋಫಾಸ್ ಕೂಡ ಇದೇ ಗುಂಪು. ನಮ್ಮ ನರಗಳು ಸ್ನಾಯುಗಳಿಗೆ, ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದಿಂದ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಈ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಕರೆಗಂಟೆಯ ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಕೊಂಡ ಹಾಗೆ, ಸುದ್ದಿ ಹೋಗುತ್ತಲೇ ಇರುತ್ತದೆ. ಜೊಲ್ಲು, ಕಣ್ಣೀರು, ಬೆವರು ನಿಲ್ಲುವುದಿಲ್ಲ. ಹೊಟ್ಟೆ ಕಡಿತ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಸ್ನಾಯುಗಳು ಅದುರುತ್ತವೆ, ಆಮೇಲೆ ಸೋಲುತ್ತವೆ. ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ.

ಇದಕ್ಕೆ ಕೊಡುವ ಮುಖ್ಯ ಮದ್ದು ಅಟ್ರೋಪಿನ್. ಉಮ್ಮತ್ತಿ ಗಿಡದಲ್ಲಿರುವ ವಿಷಗಳಲ್ಲಿ ಅದೂ ಒಂದು. ಉಮ್ಮತ್ತಿ ಕಾಯಿ ತಿಂದವನ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗುತ್ತದೆ. ಎಲ್ಲ ತದ್ವಿರುದ್ಧ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಅಂದರೆ ಇದೇ. ಆದರೆ ಅದನ್ನು ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಅನ್ನುವುದು ಆಸ್ಪತ್ರೆಯವರ ಕೆಲಸ. ಮನೆಯಲ್ಲಿ ಗಿಡ ಅರೆದು ಕುಡಿಸುವ ಸಾಹಸ ಬೇಡವೇ ಬೇಡ.

ಬರೀ ಕ್ಲೋರ್‌ಪೈರಿಫಾಸ್ ನೋಡಿದರೂ ನಿಧಾನ ವಿಷದ ಕತೆ ಸ್ಪಷ್ಟವಾಗುತ್ತದೆ. ಅದು ನೇರವಾಗಿ ಅಷ್ಟು ಉಗ್ರವಲ್ಲ. ನಮ್ಮ ಯಕೃತ್ತು, ಅಂದರೆ ಲಿವರ್, ಅದನ್ನು ಕರಗಿಸಿ ಹೊರಹಾಕಲು ಹೊರಟಾಗ ಮಧ್ಯದಲ್ಲಿ ಇನ್ನೂ ಉಗ್ರವಾದ ರೂಪ ತಾಳುತ್ತದೆ. ದೊಡ್ಡವರಿಗೆ ಯಾವ ತೊಂದರೆಯೂ ಕಾಣದಷ್ಟು ಸಣ್ಣ ಪ್ರಮಾಣದಲ್ಲೂ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು ಅನ್ನುವ ಕಾರಣಕ್ಕೆ ಯುರೋಪ್ 2020ರಲ್ಲಿ ಇದನ್ನು ಕೈಬಿಟ್ಟಿತು. ಅಪಾಯಕಾರಿ ರಾಸಾಯನಿಕಗಳ ಬಗ್ಗೆ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನೆ ಪಟ್ಟಿಗೂ 2025ರಲ್ಲಿ, ಕೆಲವು ವಿನಾಯಿತಿಗಳ ಜೊತೆ, ಇದು ಸೇರಿತು.

ಮೈಲುತುತ್ತ ನಮ್ಮದೇ ಅಲ್ವಾ ಅನ್ನುವವರಿಗೆ

ಬೋರ್ಡೋ ದ್ರಾವಣದ ಬಗ್ಗೆ ಮಲೆನಾಡಿಗೆ ಒಂದು ಪ್ರೀತಿ ಇದೆ. ಅದಕ್ಕೆ ಕಾರಣವೂ ಇದೆ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನ ಸೇರಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಇಲ್ಲೇ ಅಧ್ಯಯನ ಮಾಡಿ, 1910ರಲ್ಲಿ ಅದರ ಬಗ್ಗೆ ಬರೆದರು. ಅದಕ್ಕೆ ಬೋರ್ಡೋ ಹೊಡೆಯುವುದನ್ನು ತೋರಿಸಿಕೊಟ್ಟವರೂ ಅವರೇ. ನೂರು ವರ್ಷ ದಾಟಿದರೂ ಅದೇ ಹದ ನಡೆಯುತ್ತಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಬಂತೋ ಇಲ್ಲವೋ ಅಂತ ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಕಡಿಮೆಯಾಯಿತು ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಮತ್ತೆ ಅದ್ದಿ ನೋಡುತ್ತಾರೆ. ಅಲಗು ಹಾಗೇ ಹೊಳೆಯುತ್ತಿದ್ದರೆ ಹೊಡೆಯಬಹುದು. ಬಿಡಿಯಾಗಿ ಉಳಿದ ತಾಮ್ರ ಎಳೆ ಕಾಯಿಯನ್ನೂ ಸುಡುತ್ತದೆ, ಚರ್ಮವನ್ನೂ ಸುಡುತ್ತದೆ. ಈ ಚಾಕು ಪರೀಕ್ಷೆ ಗಿಡಕ್ಕೂ ಮನುಷ್ಯನಿಗೂ ಒಟ್ಟಿಗೆ ಒಳ್ಳೆಯದು. ಹೊತ್ತಿಲ್ಲ ಅಂತ ಅದನ್ನು ಬಿಡುವವರು ಈಗ ಜಾಸ್ತಿಯಾಗುತ್ತಿರುವುದು ನನಗೆ ಬೇಸರದ ಸಂಗತಿ.

ಹಾಗಂತ ಬೋರ್ಡೋ ಪೂರ್ತಿ ನಿರಪಾಯಕಾರಿ ಅಲ್ಲ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ದ್ರಾವಣ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ನೀಲಿ ಹಸಿರು ಕಲೆಗಳಾಗಿ, ಗಂಟುಗಟ್ಟಿದ್ದನ್ನು ಅಲ್ಲಿನ ವೈದ್ಯರು 1969ರಲ್ಲಿ ಬರೆದರು. ಹೊರಗಿನಿಂದ ನೋಡಿದರೆ ಕ್ಷಯದ ಹಾಗೆ ಕೆಮ್ಮು, ದಮ್ಮು, ತೂಕ ಇಳಿಯುವುದು. ವೈದ್ಯರು ಇವರ ಕಸುಬು ಏನು ಅಂತ ಕೇಳಿದ್ದರಿಂದ ಅದು ಗೊತ್ತಾಯಿತು. ನಮ್ಮಲ್ಲಿ ದಮ್ಮು ಅಂತ ಆಸ್ಪತ್ರೆಗೆ ಹೋದ ಕೊನೆಗೌಡನಿಗೆ (ಅಡಿಕೆ ಗೊನೆ ಇಳಿಸುವವನಿಗೆ) ಬೀಡಿ ಸೇದುತ್ತೀಯಾ ಅಂತ ಕೇಳುತ್ತಾರೆ. ಎಷ್ಟು ವರ್ಷದಿಂದ ಔಷಧಿ ಹೊಡೆಯುತ್ತಿದ್ದೀಯ ಅಂತ ಕೇಳುವುದು ಅಪರೂಪ.

ಹಂದಿಗೋಡು, ಪಡ್ರೆ

ನಿಧಾನ ವಿಷವನ್ನು ಸಾಬೀತು ಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ನಮ್ಮ ಸಾಗರ ತಾಲೂಕಿನಲ್ಲೇ ಉದಾಹರಣೆ ಇದೆ. 1970ರ ದಶಕದ ಮಧ್ಯದಲ್ಲಿ ಹಂದಿಗೋಡಿನಲ್ಲಿ ಸೊಂಟ, ಮಂಡಿ ಕೀಲುಗಳು ಸವೆದು ಜನ ನಡೆಯಲಾರದೆ ಕೂತರು. ಬಾಧೆ ಬಿದ್ದದ್ದು ಬಹುಪಾಲು ಬಡ ದಲಿತ ಕುಟುಂಬಗಳಿಗೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿ, ಆ ಏಡಿ ತಿಂದವರಿಗೆ ಹೀಗಾಯಿತು ಅನ್ನುವ ಅನುಮಾನ ಆಗ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಆಮೇಲೆ ಬೇರೆ ಬೇರೆ ಸಂಸ್ಥೆಯವರು ಬಂದರು. ಮನೆಮನೆಯ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದ ಮೇಲೆ ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವ ಮೂಳೆಯ ಕಾಯಿಲೆ ಅನ್ನುವ ತೀರ್ಮಾನಕ್ಕೆ ಸಂಶೋಧಕರು ಬಂದರು.

ಇದರಿಂದ ಕೀಟನಾಶಕದ ಭಯವೆಲ್ಲ ಸುಳ್ಳು ಅಂತ ತಿಳಿದರೆ ತಪ್ಪು. ಕಾಸರಗೋಡಿನ ಪಡ್ರೆಯಲ್ಲಿ ಉಲ್ಟಾ ಆಯಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಊರು ಅದು. ವಿಚಿತ್ರ ಕಾಯಿಲೆಗಳು ಒಂದೇ ಕಡೆ ಯಾಕೆ ಜಾಸ್ತಿ ಅಂತ ಮೊದಲು ಎಣಿಸಲು ಶುರು ಮಾಡಿದ್ದು ಊರಿನಲ್ಲೇ ಇದ್ದ ವೈದ್ಯರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಶಾಲೆ ಹುಡುಗರನ್ನು ಬೇರೆ ಊರಿನ ಹುಡುಗರ ಜೊತೆ ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಅಂತ 2003ರಲ್ಲಿ ಪ್ರಕಟಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಕುಟುಂಬಗಳ ಕತೆಯೂ ಹೊರಬಂತು. 2011ರಲ್ಲಿ ಮೊದಲು ಕರ್ನಾಟಕ, ಆಮೇಲೆ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದವು. ಒಂದು ಊರಲ್ಲಿ ವಿಷ ಅಲ್ಲ ಅಂತ ಗೊತ್ತಾಗಲೂ, ಇನ್ನೊಂದರಲ್ಲಿ ವಿಷವೇ ಅಂತ ಗೊತ್ತಾಗಲೂ ಬೇಕಾದದ್ದು ಒಂದೇ: ಯಾರಿಗೆ, ಎಲ್ಲಿ, ಯಾವಾಗ, ಏನಾಯಿತು ಅನ್ನುವ ಲೆಕ್ಕ.

ಅಡಿಕೆಯ ಮಾತನ್ನೂ ಬಿಡುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯನ್ನೇ ನಂಬಿದ ಜಿಲ್ಲೆಗೆ ಇದು ನುಂಗಲಾರದ ತುತ್ತು. ಆ ಪಟ್ಟಿಯನ್ನು ಓದುವ ರೀತಿ ಒಂದಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು ಗುಂಪು ಹೇಳುತ್ತದೆ. ಎಷ್ಟು ತಿಂದರೆ ಎಷ್ಟು ಅಪಾಯ ಅನ್ನುವುದನ್ನು ಹೇಳುವುದಿಲ್ಲ. ಬಿಸಿಲು, ಹೆಂಡ ಕೂಡ ಮೊದಲ ಗುಂಪಿನಲ್ಲೇ ಇವೆ. ಮದುವೆ ಮನೆಯಲ್ಲಿ ಒಂದು ವೀಳ್ಯ ಹಾಕುವವನಿಗೂ, ದಿನವಿಡೀ ಗುಟ್ಕಾವನ್ನು ದವಡೆಯಲ್ಲಿ ಇಟ್ಟುಕೊಂಡು ಬಾಯಿ ತೆರೆಯಲಾಗದ ಸ್ಥಿತಿ ತಂದುಕೊಂಡ ಇಪ್ಪತ್ತರ ಹುಡುಗನಿಗೂ ಅಪಾಯ ಒಂದೇ ಅಲ್ಲ. ಆದರೆ ಎರಡನೆಯವನ ಬಾಯಿಯಲ್ಲಿ ಆಗಿರುವುದು ನಿಜ. ಬೆಲೆ ಕುಸಿಯುತ್ತದೆ ಅಂತ ಅದನ್ನು ಅಲ್ಲಗಳೆಯುವುದು ಬೆಳೆಗಾರರಿಗೂ ಒಳ್ಳೆಯದು ಮಾಡುವುದಿಲ್ಲ.

ಆಸ್ಪತ್ರೆಗೆ ಹೊರಡುವ ಮುಂಚೆ

ಹೊಡೆಯುವಾಗ ಯಾರಾದರೂ ವಾಂತಿ, ತಲೆಸುತ್ತು, ಕಣ್ಣು ಮಂಜು ಅಂದರೆ ಮೊದಲು ತೋಟದಿಂದ ಹೊರಗೆ ತನ್ನಿ. ಬಟ್ಟೆ ಬಿಚ್ಚಿಸಿ. ತಲೆಕೂದಲು, ಉಗುರು ಸಂದಿ ಸೇರಿಸಿ ಸೋಪು ನೀರಲ್ಲಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರನ್ನಾದರೂ ಕಟ್ಟಿಕೊಳ್ಳಬೇಕು. ಬಾಯಿಗೆ ಹೋಗಿದ್ದರೆ ಉಪ್ಪುನೀರು, ಹುಣಸೆನೀರು, ಹಾಲು, ಎಣ್ಣೆ ಕುಡಿಸಿ ವಾಂತಿ ಮಾಡಿಸಬೇಡಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಅದು ಇನ್ನೊಂದು ಗಂಡಾಂತರ. ಡಬ್ಬಿಯನ್ನು, ಇಲ್ಲದಿದ್ದರೆ ಅದರ ಚೀಟಿಯ ಫೋಟೋವನ್ನು, ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಅಲ್ಲಿಗೆ ಕರೆ ಮಾಡಿ ಕೇಳಬಹುದು.

ಡಬ್ಬಿ ಯಾಕೆ ಮುಖ್ಯ ಅನ್ನುವುದಕ್ಕೆ ಕಳೆನಾಶಕ ಪ್ಯಾರಾಕ್ವಾಟ್ ನೋಡಿ. ಇದರ ತ್ರಿಕೋನ ಹಳದಿ. ಅದು ರಕ್ತದಿಂದ ಶ್ವಾಸಕೋಶಕ್ಕೆ ಸೇರಿ ಅಲ್ಲಿ ಆಮ್ಲಜನಕದ ಜೊತೆ ಸೇರಿಯೇ ಹಾನಿ ಮಾಡುತ್ತದೆ. ಬೇರೆ ವಿಷಕ್ಕೆ ತಕ್ಷಣ ಕೊಡುವ ಆಮ್ಲಜನಕ ಇಲ್ಲಿ ಬೆಂಕಿಗೆ ತುಪ್ಪ ಸುರಿದಂತೆ. ಹಾಗಾಗಿ ಒಳಗೆ ಹೋದದ್ದು ಯಾವುದು ಅಂತ ವೈದ್ಯರಿಗೆ ಗೊತ್ತಾಗಲೇಬೇಕು. ಇದಕ್ಕೆ ಪ್ರತಿವಿಷವೇ ಇಲ್ಲ. ಶ್ರೀಲಂಕಾ ಇದನ್ನು ಹಂತಹಂತವಾಗಿ ನಿಲ್ಲಿಸಿತು. ಅದಕ್ಕೂ ಮುಂಚೆ 1995ರಲ್ಲಿ ಅತಿ ಉಗ್ರ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನ್ ನಿಷೇಧಿಸಿದ ಮೇಲೆ ಆ ದೇಶದ ಆತ್ಮಹತ್ಯೆ ಪ್ರಮಾಣ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮನೆಯಲ್ಲಿ ಬೇಸರ, ಸಿಟ್ಟಿನ ಗಳಿಗೆ ಯಾರಿಗಾದರೂ ಬರುತ್ತದೆ. ಆ ಗಳಿಗೆಯಲ್ಲಿ ಕೈಗೆ ಸಿಗದ ಹಾಗೆ ಡಬ್ಬಿಗಳು ಬೀಗದೊಳಗೆ ಇರಲಿ. ಮನಸ್ಸು ತೀರಾ ಕುಸಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಆಸ್ಪತ್ರೆಯ ದಾಖಲೆಗೆ ಸೇರುವುದು ಹೀಗೆ ಬಿದ್ದವರು ಮಾತ್ರ. ನೆಟ್ಟಗೆ ನಿಂತಿರುವ ಹೊಡೆಯುವವನು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಸರಿ ಮಾಡಲು ದೊಡ್ಡ ಸಂಶೋಧನಾ ಕೇಂದ್ರವೇ ಬರಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಒಂದು ನಿಯಮ ಇದೆ. ಆರ್ಗನೋಫಾಸ್ಫೇಟ್ ಬೆರೆಸುವ, ಹೊಡೆಯುವ ಕೆಲಸ ಮಾಡುವವರ ರಕ್ತದಲ್ಲಿ ಕೋಲಿನೆಸ್ಟರೇಸ್, ಅಂದರೆ ಈ ವಿಷಗಳು ಕಟ್ಟಿಹಾಕುವ ಆ ಕಿಣ್ವ, ಎಷ್ಟಿದೆ ಅಂತ ಹಂಗಾಮಿಗೆ ಮೊದಲೇ ನೋಡಿಡಬೇಕು. ಮಧ್ಯೆ ಮತ್ತೆ ನೋಡಬೇಕು. ಇಳಿದಿದ್ದರೆ ಆ ಕೆಲಸದಿಂದ ಬಿಡಿಸಿ, ಏರುವ ತನಕ ಬೇರೆ ಕೆಲಸ ಕೊಡಬೇಕು. ಮೊದಲ ಅಳತೆ ಮುಖ್ಯ, ಯಾಕೆಂದರೆ ಈ ಕಿಣ್ವ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿರುತ್ತದೆ. ಬಿದ್ದ ಮೇಲೆ ಒಂದೇ ಸಲ ನೋಡಿದರೆ ಇಳಿದದ್ದು ಎಷ್ಟು ಅಂತ ತಿಳಿಯುವುದಿಲ್ಲ. ಇದು ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆಯ ಲ್ಯಾಬಿಗೆ ಕಷ್ಟದ ಪರೀಕ್ಷೆ ಏನಲ್ಲ. ಮೇ ತಿಂಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಜಿಲ್ಲೆಗೆ ಕಳಿಸಬಹುದು.

ಎಲೆಚುಕ್ಕೆಯ ಔಷಧಿಗಳಿಗೆ ಇಷ್ಟು ಸುಲಭದ ರಕ್ತ ಪರೀಕ್ಷೆ ಇಲ್ಲ. ಪ್ರೊಪಿಕೊನಜೋಲ್ ಕೋಲಿನೆಸ್ಟರೇಸನ್ನು ಮುಟ್ಟುವುದಿಲ್ಲ. ಮ್ಯಾಂಕೋಜೆಬ್‌ಗೆ ಟಿಎಸ್‌ಎಚ್ ನೋಡಬಹುದು, ಅದು ಈಗ ತಾಲೂಕು ಮಟ್ಟದಲ್ಲೂ ಆಗುತ್ತದೆ. ಉಳಿದದ್ದಕ್ಕೆ ಇರುವ ದಾರಿ ಒಂದು ಪುಸ್ತಕ. ಯಾರು, ಯಾವ ಔಷಧಿ, ಯಾವ ತಿಂಗಳು, ಎಷ್ಟು ದಿನ ಹೊಡೆದರು ಅಂತ ಬರೆದಿಡುವುದು. ತೋಟದ ಖರ್ಚಿನ ಲೆಕ್ಕದಲ್ಲಿ ಔಷಧಿಯ ಹೆಸರು, ಲೀಟರು, ಕೂಲಿ ಎಲ್ಲ ಬೆಳೆಗಾರರು ಬರೆದೇ ಇಟ್ಟಿರುತ್ತಾರೆ. ಕೂಲಿಯ ಎದುರು ಹೊಡೆದವರ ಹೆಸರನ್ನೂ ಬರೆದು, ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಆ ಪುಟ ತೋರಿಸಿದರೆ ಈ ವರ್ಷದಿಂದಲೇ ಲೆಕ್ಕ ಶುರುವಾಗುತ್ತದೆ.